ನೊರೆ ಬಾರದ ಗುಡ್ಡ

ನಮ್ಮ ಲೂಸಿಗೆ ಕೆಲಸ ಸಿಕ್ಕಿದೆ. ಅದೂ ಮಣ್ಣಿನ ಕೆಲಸ. ಹೊಲ, ಗುಡ್ಡ, ಗೋಮಾಳ ತಿರುಗಿ ಮಣ್ಣು ನೋಡಿ, ಬರೆದುಕೊಂಡು, ಚೀಲದಲ್ಲಿ ತುಂಬಿ ತರುವ ಕೆಲಸ. ನಾನು ಮೂವತ್ತು ವರ್ಷಕ್ಕೂ ಮೇಲೆ ಹಾರೆ, ಗುದ್ದಲಿ ಹೊತ್ತು ಯಾರ ಹಿಂದೆ ನಡೆದೆನೋ ಅವರ ಜಾಗದಲ್ಲಿ ಇನ್ನು ನನ್ನ ಮೊಮ್ಮಗಳು ನಡೆಯುತ್ತಾಳೆ. ಇವತ್ತು ಮುಂಜಾನೆ ಪೋಸ್ಟಿನವನು ಕಾಗದ ತಂದುಕೊಟ್ಟ. ಅವಳು ಓದಿದಳು, ನನ್ನ ಮಗ ಇನಾಸ ಓದಿದ, ನಾನೂ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ನನ್ನ ಹೆಂಡತಿ ರೆಜಿನಾಗೆ ಓದಲು ಬರುವುದಿಲ್ಲ, ಅವಳು ಕಾಗದವನ್ನು ಮೂಸಿ ನೋಡಿ ವಾಪಸು ಕೊಟ್ಟಳು. ಆಮೇಲೆ ನಾನು ಮುಂಡಗೋಡ ಪೇಟೆಗೆ ಹೋಗಿ ಕೋಳಿ ತಂದೆ, ಬೆಲ್ಲ ತಂದೆ, ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಕಂಡಕ್ಟರ್ "ಆತ್ರಿ ಅಜ್ಜಾರ, ಛಲೋ ಆತು. ಈಗ ಟಿಕೀಟ್ ತಗೋರಿ" ಎಂದ.

ಲೂಸಿಯ ಜೊತೆ ಇನ್ನೂ ಕೆಲವರು ಹುಡುಗ ಹುಡುಗಿಯರು ಅದೇ ಕೆಲಸಕ್ಕೆ ಸೇರುತ್ತಾರಂತೆ. "ಅಜ್ಜಾ, ನಿನ್ನ ಕೆಲಸದ ಸುದ್ದಿ ಎಲ್ಲಾ ಬರದು ಕೊಡು, ನಾವೆಲ್ಲಾರೂ ಓದ್ತೇವಿ" ಎಂದಳು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಕ್ಷರದ ತಪ್ಪಿದ್ದರೆ ಅವಳು ತಿದ್ದುತ್ತಾಳೆ. ಆದರೆ ನನ್ನ ಕೆಲಸದಲ್ಲಿ ಒಂದು ತಪ್ಪು ನಡೆದಿದೆ, ಅದನ್ನು ಅವಳೂ ತಿದ್ದಲಾರಳು. ಆ ತಪ್ಪು ಆದದ್ದು ನಮ್ಮ ನೆರೆಯ ಗೌಳಿ ವಿಠೂಮಾಮಾನ ಎಮ್ಮೆಗಳು ಮೇಯುತ್ತಿದ್ದ ಗುಡ್ಡದಲ್ಲಿ. ಮಾಮಾ ಈಗಿಲ್ಲ. ಅವನ ಮಗಳು ಭಾಗೂಬಾಯಿ ಇವತ್ತು ರಾತ್ರಿ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ನಲವತ್ತು ವರ್ಷ ಅವಳಿಗೆ ಹೇಳಿಲ್ಲ. ಇವತ್ತು ಹೇಳಬೇಕು. ಅದಕ್ಕೆ ಮೊದಲು ಇಲ್ಲಿ ಬರೆದು ಗಟ್ಟಿಯಾಗುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದಲ್ಲಿ, ಹಳಿಯಾಳದಲ್ಲಿ. ಮಣ್ಣು ಸಮೀಕ್ಷೆಯ ತಂಡ ಒಂದು ಹಳೆಯ ಗೋದಾಮಿನಲ್ಲಿ ಬಿಡಾರ ಮಾಡಿತ್ತು. ಗುಂಡಿ ತೋಡುವ ಆಳುಗಳು ಬೇಕಾಗಿದ್ದರು. ಅದಕ್ಕೂ ಮೊದಲು ನಾನು ದಾಂಡೇಲಿಯಲ್ಲಿ ಕಟ್ಟಿಗೆ ಹೊರುತ್ತಿದ್ದೆ, ಮೈಯಲ್ಲಿ ಕಸುವಿತ್ತು. ತಂಡಕ್ಕೆ ಹಿರಿಯರು ಹಂಚಿನಮನಿ ಸಾಹೇಬರು, ಧಾರವಾಡ ಕಡೆಯವರು. ತೆಳ್ಳಗೆ ಎತ್ತರದ ಆಳು, ಬಿಸಿಲಿರಲಿ ಮಳೆಯಿರಲಿ ಕೊರಳಲ್ಲಿ ಮಫ್ಲರ್. ಮೊದಲ ದಿನ "ಆಳುದ್ದ ಗುಂಡಿ ತೋಡು" ಎಂದರು. ಅವರು ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸಬೇಕೆಂದು ತೋಡಿದೆ. ತೆಗೆದ ಮಣ್ಣನ್ನೆಲ್ಲ ಒಂದೇ ಅಂಚಿಗೆ ರಾಶಿ ಹಾಕಿ, ಅದರ ಮೇಲೆಯೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ. ಸಾಹೇಬರು ಬಂದು ನೋಡಿ ಹಣೆ ಹಿಡಿದುಕೊಂಡರು.

"ಎಲ್ಲಿ ನಿಂತೀಪಾ ನೀ?"

"ಮಣ್ಣಿನ ಮ್ಯಾಲೆ ರಿ."

"ಮಣ್ಣಿನ ಮಾರಿ ಮ್ಯಾಲೆ ನಿಂತೀ. ಇಳಿ ಕೆಳಗ."

ಗುಂಡಿಯ ಯಾವ ಗೋಡೆಗೆ ಬಿಸಿಲು ಬೀಳುತ್ತದೋ ಅದೇ ಮಣ್ಣಿನ ಮುಖ, ಅದನ್ನೇ ಓದುವುದು. ಅದರ ಮೇಲಿನ ಅಂಚಿನಲ್ಲಿ ಕಾಲಿಡಬಾರದು, ಮಣ್ಣು ಸುರಿಯಬಾರದು, ಹುಲ್ಲು ಸಹ ಇದ್ದ ಹಾಗೆಯೇ ಇರಬೇಕು. ನಾನು ಅದೇ ಅಂಚನ್ನು ಹಾಳು ಮಾಡಿದ್ದೆ. ಇನ್ನೊಂದು ಗುಂಡಿ ತೋಡಿದೆ. ಹುಡುಗರೇ, ಮೊದಲ ದಿನ ಎರಡು ಗುಂಡಿ ತೋಡುವುದು ಏನೂ ಅವಮಾನವಲ್ಲ.

ಆಗ ಯಂತ್ರವಿರಲಿಲ್ಲ. ಆಕಾಶದಿಂದ ತೆಗೆದ ಫೋಟೋದ ಹಾಳೆ ಹಿಡಿದುಕೊಂಡು ಸಾಹೇಬರು ಗುಡ್ಡ ಯಾವುದು, ಹಳ್ಳ ಯಾವುದು ಎಂದು ಹುಡುಕುತ್ತಿದ್ದರು. ಗುಂಡಿಗೆ ಇಳಿದು ಚಾಕುವಿನಿಂದ ಗೋಡೆ ಕೆರೆಯುತ್ತಿದ್ದರು. ಮಣ್ಣನ್ನು ಅಂಗೈಯಲ್ಲಿಟ್ಟು ನೀರು ಹಾಕಿ ನಾದುತ್ತಿದ್ದರು, ನೀರಿಲ್ಲದಿದ್ದರೆ ಉಗುಳಿ ನಾದುತ್ತಿದ್ದರು. ಬಣ್ಣದ ತುಣುಕು ಅಂಟಿಸಿದ ಒಂದು ಪುಸ್ತಕವಿತ್ತು, ಮಣ್ಣನ್ನು ಅದರ ಪಕ್ಕ ಹಿಡಿದು ಯಾವ ಕೆಂಪು, ಯಾವ ಕಂದು ಎಂದು ಬರೆಯುತ್ತಿದ್ದರು. ನಾನು ಒಮ್ಮೆ ಒದ್ದೆ ಹೆಬ್ಬೆರಳಿನಿಂದ ಆ ಪುಸ್ತಕದ ಹಾಳೆ ತಿರುವಿದೆ. ಕೊನೆಯವರೆಗೂ ಆ ಹಾಳೆಯಲ್ಲಿ ನನ್ನ ಹೆಬ್ಬೆರಳ ಗುರುತು ಉಳಿಯಿತು. ಸಾಹೇಬರು ಆ ಬಣ್ಣ ಬಂದಾಗಲೆಲ್ಲ ನನ್ನ ಹೆಸರು ಹಿಡಿದು "ಇದು ಬಸ್ತ್ಯಾಂವನ ಬಣ್ಣ" ಎನ್ನುತ್ತಿದ್ದರು.

ಜೋಯಿಡಾ ಕಡೆ ಹೋದಾಗ ಒಂದು ಮನೆಯ ಹಿತ್ತಲಿನ ಆಚೆ ಗುಂಡಿ ತೋಡಿದ್ದೆವು. ಒಬ್ಬ ಮುದುಕಿ ಬಂದು ಗುಂಡಿಯ ಉದ್ದ ನೋಡಿದಳು, ನನ್ನನ್ನು ನೋಡಿದಳು, "ಕೋಣ್ ಮೆಲೊ?" ಎಂದಳು. ಯಾರು ಸತ್ತರು ಎಂದು ಕೇಳುತ್ತಿದ್ದಳು. ನಮ್ಮ ಸಿದ್ದಿಗಳಿಗೆ ಕೊಂಕಣಿ ಬರುತ್ತದೆ, ಯಾರೂ ಸತ್ತಿಲ್ಲ, ಮಣ್ಣು ನೋಡುತ್ತಿದ್ದೇವೆ ಎಂದು ಹೇಳಿದೆ. ಅವಳು ನಂಬಲಿಲ್ಲ. ಸಂಜೆ ನಾವು ಗುಂಡಿ ಮುಚ್ಚಿ ಹೋಗುವ ತನಕ ಅಲ್ಲೇ ಬೇಲಿ ಹಿಡಿದು ನಿಂತಿದ್ದಳು. ತೋಡಿದ ಗುಂಡಿಯನ್ನು ಮುಚ್ಚಿಯೇ ಬರಬೇಕು, ದನ ಬೀಳುತ್ತದೆ. ಇದನ್ನು ನಿಮಗೆ ಯಾರೂ ಪಾಠದಲ್ಲಿ ಹೇಳಿರಲಿಕ್ಕಿಲ್ಲ.

ಈಗ ಸುಣ್ಣದ ಮಾತು. ಕೆಲವು ಗುಡ್ಡಗಳ ಇಳಿಜಾರಿನಲ್ಲಿ ಮಣ್ಣಿಗಿಂತ ಸಣ್ಣ ಕಲ್ಲಿನ ಗರಸೇ ಹೆಚ್ಚು. ಕಾಲಿಟ್ಟರೆ ಜೋಳದ ರಾಶಿಯ ಮೇಲೆ ನಡೆದ ಹಾಗೆ ಜಾರುತ್ತದೆ. ಆ ಗರಸಿನಲ್ಲಿ ಬಿಳಿ ಹರಳುಗಳಿರುತ್ತವೆ. ಅವು ಬೆಣಚುಕಲ್ಲೋ ಸುಣ್ಣದ ಕಲ್ಲೋ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಅದಕ್ಕೆ ಚಹಾ ಬಣ್ಣದ ಸೀಸೆಯಲ್ಲಿ ಆ್ಯಸಿಡ್ ಇರುತ್ತಿತ್ತು. ಎರಡು ಹನಿ ಬಿಟ್ಟರೆ, ಸುಣ್ಣವಿದ್ದಲ್ಲಿ ಬುಸ್ಸೆಂದು ನೊರೆ ಏಳುತ್ತದೆ. ಇಲ್ಲದಿದ್ದರೆ ಹನಿ ಸುಮ್ಮನೆ ಇಂಗಿ ಹೋಗುತ್ತದೆ. ಆ ಸೀಸೆಯ ಪೆಟ್ಟಿಗೆ ಹೊರುವುದು ನನ್ನ ಪಾಲಿನ ಕೆಲಸ.

ಸಾಹೇಬರು ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. "ನೋಡೋ, ಹರಳು ಹೆಚ್ಚು, ಸುಣ್ಣ ಹೆಚ್ಚು, ಮ್ಯಾಲೆ ಇಳಿಜಾರು ಬ್ಯಾರೆ. ಇಂಥಾ ನೆಲದಾಗ ಮ್ಯಾಲಿನ ಒಂದು ಗೇಣಷ್ಟ ಮಣ್ಣು. ಅದನ್ನ ಹಿಡದಿರೂದು ಹುಲ್ಲು. ಇದನ್ನ ಕೆದಕಬಾರ್ದು. ದನಕ್ಕ ಬಿಟ್ಟುಬಿಡಬೇಕು." ನಮ್ಮ ಹಾಳೆಗಳನ್ನು ನೋಡಿಕೊಂಡು ಯಾವ ಇಳಿಜಾರಿನಲ್ಲಿ ಗಿಡ ನೆಡುವುದು, ಯಾವುದನ್ನು ದನಕ್ಕೆ ಬಿಡುವುದು ಎಂದು ಮುಂದೆ ತೀರ್ಮಾನವಾಗುತ್ತಿತ್ತು.

ಮುಂಡಗೋಡ ಹತ್ತಿರದ ಪಾಳಾ ಊರಿನಿಂದ ಪಶ್ಚಿಮಕ್ಕೆ ಹೋದರೆ ಅಂಥದೊಂದು ಗುಡ್ಡ. ಅದರ ಬುಡದಲ್ಲಿ ಗೌಳಿಗಳ ನಾಲ್ಕಾರು ಮನೆ, ಹಳ್ಳ ದಾಟಿದರೆ ನಮ್ಮ ಮನೆಗಳು. ವಿಠೂಮಾಮಾ ನನಗಿಂತ ಹದಿನೈದು ವರ್ಷ ದೊಡ್ಡವನು. ಅವನ ಎಮ್ಮೆಗಳು ಆ ಗುಡ್ಡದ ಗಿಡ್ಡ ಹುಲ್ಲನ್ನು ಬಿಟ್ಟು ಬೇರೆ ಕಡೆ ಬಾಯಿ ಹಾಕುತ್ತಿರಲಿಲ್ಲ. ಕೆಳಗೆ ಸೊಂಟದೆತ್ತರ ಕರಡದ ಹುಲ್ಲು ಬೆಳೆದಿದ್ದರೂ ಅದನ್ನು ತುಳಿದುಕೊಂಡು ಮೇಲೆ ಹತ್ತುತ್ತಿದ್ದವು. ಆ ಎಮ್ಮೆಗಳ ಮೊಸರನ್ನು ಮಾಮಾ ಗಡಿಗೆಯಲ್ಲಿ ಹೊತ್ತು ಮುಂಡಗೋಡ ಸಂತೆಗೆ ಒಯ್ಯುತ್ತಿದ್ದ. ಯಾರಾದರೂ ಚೌಕಾಸಿ ಮಾಡಿದರೆ ಗಡಿಗೆಯನ್ನು ಅವರ ಎದುರಿಗೇ ಬೋರಲು ಹಿಡಿಯುತ್ತಿದ್ದ. ಮೊಸರು ಬೀಳುತ್ತಿರಲಿಲ್ಲ. "ಬಿದ್ದರ ಪುಕ್ಕಟೆ ಒಯ್ರಿ" ಎನ್ನುತ್ತಿದ್ದ. ಯಾರೂ ಪುಕ್ಕಟೆ ಒಯ್ದದ್ದಿಲ್ಲ.

ಮಾಮಾನ ಹೆಂಡತಿ ಜಾನಾಬಾಯಿ ಆ ಗುಡ್ಡದ ಬಿಳಿ ಹರಳನ್ನು ಆರಿಸಿ ತಂದು, ಸಗಣಿ ಕುಳ್ಳಿನಲ್ಲಿ ಸುಟ್ಟು, ನೀರು ಚಿಮುಕಿಸಿ ಸುಣ್ಣ ಮಾಡುತ್ತಿದ್ದಳು. ಎಲೆ ಅಡಿಕೆಗೆ ನಮ್ಮ ಎರಡೂ ಕೇರಿಯವರು ಹಚ್ಚುತ್ತಿದ್ದುದು ಅದೇ ಸುಣ್ಣ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ನಮ್ಮ ತಂಡ ಆ ಗುಡ್ಡಕ್ಕೆ ಬಂದ ದಿನ ಸಾಹೇಬರಿಗೆ ಚಳಿಜ್ವರ. ಮರುದಿನ ಬಿಡಾರ ಎತ್ತಿ ಜೋಯಿಡಾಕ್ಕೆ ಹೋಗಬೇಕು. ಗುಂಡಿಗಳನ್ನು ನಾನು ಹಿಂದಿನ ದಿನವೇ ತೋಡಿಟ್ಟಿದ್ದೆ. ಸಾಹೇಬರು ಮಫ್ಲರನ್ನು ತಲೆಗೆ ಸುತ್ತಿಕೊಂಡು ನಿಧಾನವಾಗಿ ಮುಂದೆ ಹತ್ತಿ ಹೋದರು. ನಾನು ಜಾನಾಬಾಯಿಯ ಮನೆಯಲ್ಲಿ ನಿಂತು ಎಲೆ ಅಡಿಕೆ ಹಾಕಿಕೊಂಡು, ಪೆಟ್ಟಿಗೆ ಹೊತ್ತು ಹಿಂದೆ ಬಂದೆ. ಅರ್ಧ ದಾರಿಯಲ್ಲಿ ಗರಸು ಕಾಲ ಕೆಳಗಿಂದ ಸರಿಯಿತು. ಕುಕ್ಕರಿಸಿ ಬಿದ್ದೆ. ಸೀಸೆ ಒಡೆಯಲಿಲ್ಲ, ಅದರ ಬಿರಡೆ ಹಾರಿತು. ಧೋತರದ ಅಂಚಿನಲ್ಲಿ ತೂತು ಬಿತ್ತು, ಅಂಗೈ ಉರಿಯಿತು. ಚೆಲ್ಲಿದ ಕಡೆ ನೆಲ ಬುಸುಬುಸು ನೊರೆ ಕಾರುತ್ತಿತ್ತು. ನೋಡಿದರೆ ಸೀಸೆಯಲ್ಲಿ ಉಳಿದದ್ದು ತಳದಲ್ಲಿ ಒಂದು ಬೆರಳಷ್ಟು.

ಸಾಮಾನು ನೋಡಿಕೊಳ್ಳುವ ಗುಮಾಸ್ತ ಅದೇ ವಾರ ನಮ್ಮೆಲ್ಲರ ಎದುರಿಗೆ ಹೇಳಿದ್ದ, "ಇನ್ನ ಯಾರರ ಸಾಮಾನು ಹಾಳ ಮಾಡಿದ್ರ ಸೀದಾ ಮನೀಗೆ." ರೆಜಿನಾಗೆ ಆಗ ಏಳು ತಿಂಗಳು, ಇನಾಸ ಹೊಟ್ಟೆಯಲ್ಲಿದ್ದ. ಬೇರೆ ಸೀಸೆ ಇದ್ದದ್ದು ಮುಂಡಗೋಡದ ಬಿಡಾರದಲ್ಲಿ. ನಾನು ಹೆಚ್ಚು ವಿಚಾರ ಮಾಡಲಿಲ್ಲ. ಪಕ್ಕದ ಝರಿಗೆ ಇಳಿದು ಸೀಸೆ ತುಂಬಿಸಿಕೊಂಡೆ. ನೀರಿಗೂ ಆ್ಯಸಿಡ್ಡಿಗೂ ಬಣ್ಣ ಒಂದೇ. ನೀರು ಬೆರೆಸಿದರೂ ಸ್ವಲ್ಪವಾದರೂ ನೊರೆ ಬಂದೀತು ಎಂದುಕೊಂಡೆ.

ಬರಲಿಲ್ಲ. ಸಾಹೇಬರು ಗುಂಡಿಯ ಗೋಡೆಗೆ ಹನಿ ಬಿಟ್ಟರು, ಕಾದರು, ಮತ್ತೊಮ್ಮೆ ಬಿಟ್ಟರು.

"ಏನೂ ಇಲ್ಲಲ್ಲೋ. ಈ ಬಿಳೀ ಹರಳು ನೋಡಿದ್ರ ಸುಣ್ಣ ಅನಸ್ತೈತಿ."

ಆಗ ಹೇಳಬಹುದಿತ್ತು. ನನ್ನ ಬಾಯಿ ಬೇರೆ ಮಾತು ಹೇಳಿತು. "ಬೆಣಚುಕಲ್ಲು ಇರಬೇಕ್ರಿ ಸಾಹೇಬ್ರ. ಈ ಕಡೆ ಎಲ್ಲಾ ರಗಡ ಅದಾವ್ರಿ."

ಅವರು ನನ್ನ ಮುಖ ನೋಡಿದರು. ಕಣ್ಣು ಜ್ವರದಿಂದ ಕೆಂಪಾಗಿದ್ದವು. "ಹೌದಪಾ, ನೀ ಈ ಕಡಿಯಾಂವ. ನಿನಗ ಗೊತ್ತಿರತೈತಿ" ಎಂದು ಬರೆದುಕೊಂಡರು. ಉಳಿದ ಗುಂಡಿಗಳಲ್ಲೂ ಹಾಗೆಯೇ ಬರೆದುಕೊಂಡರು. ಅಷ್ಟು ಹೊತ್ತೂ ನನ್ನ ಬಾಯಲ್ಲಿ ಎಲೆ ಅಡಿಕೆಯಿತ್ತು. ಅದರಲ್ಲಿ ಅದೇ ಗುಡ್ಡದ ಹರಳಿನ ಸುಣ್ಣವಿತ್ತು.

ಎಂಬತ್ತರ ದಶಕ ಬಂತು. ಆ ಇಳಿಜಾರು ಗಿಡ ನೆಡುವ ಪಟ್ಟಿಯಲ್ಲಿ ಸೇರಿತು. ತಂತಿ ಬೇಲಿ ಬಂತು, ಅಡ್ಡಡ್ಡಲಾಗಿ ಕಾಲುವೆ ತೋಡಿದರು, ನೀಲಗಿರಿ ಸಸಿ ನೆಟ್ಟರು. ನೆಟ್ಟವರದು ತಪ್ಪಿಲ್ಲ, ಅವರ ಕೈಯಲ್ಲಿದ್ದ ಹಾಳೆ ಹಾಗೆ ಹೇಳುತ್ತಿತ್ತು. ವಿಠೂಮಾಮಾ ನಮ್ಮ ಅಂಗಳಕ್ಕೆ ಬಂದು ಕುಳಿತ.

"ಬಸ್ತ್ಯಾಂವಾ, ನೀ ಸಾಹೇಬ್ರ ಕೂಡ ಇರಾಂವ. ನಮ್ಮ ಗುಡ್ಡ ಗಿಡಕ್ಕ ಹೆಂಗ ಹೋತು? ಅಲ್ಲಿ ಹುಲ್ಲ ಬಿಟ್ರ ಏನೂ ಬರೂದಿಲ್ಲಂತ ನಮ್ಮ ಮುತ್ಯಾಗೂ ಗೊತ್ತಿತ್ತು."

"ಕಾಗದದಾಗ ಹಂಗ ಬಂದೈತಿ ಮಾಮಾ."

"ಕಾಗದದಾಗ ಯಾರ ಬರದಾರ?"

ನಾನು ರೆಜಿನಾಗೆ ಚಹಾ ಮಾಡಲು ಹೇಳಿದೆ. ಅವನು ಕುಡಿದು ಎದ್ದು ಹೋದ.

ಮೊದಲ ಮಳೆಗಾಲ ಸಸಿಗಳು ಹಸಿರಾಗಿದ್ದವು. ಆಮೇಲೆ ನೆಲದ ಸುಣ್ಣಕ್ಕೆ ಎಲೆಗಳಿಗೆ ಕಾಮಾಲೆ ಹತ್ತಿತು. ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಬಹಳಷ್ಟು ಒಣಗಿ ಕಡ್ಡಿಯಾದವು. ತೋಡಿದ ಕಡೆ ಹುಲ್ಲಿನ ಹಿಡಿತ ತಪ್ಪಿ, ಮಳೆಗೆ ಮೇಲಿನ ಗೇಣು ಮಣ್ಣು ಕೊಚ್ಚಿಕೊಂಡು ಹಳ್ಳಕ್ಕೆ ಹೋಯಿತು. ಬಿಳಿ ಹರಳು ಮಾತ್ರ ಉಳಿದು, ದೂರದಿಂದ ಗುಡ್ಡಕ್ಕೆ ತೊನ್ನು ಬಂದ ಹಾಗೆ ಕಾಣುತ್ತಿತ್ತು.

ನಾನು ಕರವಸ್ತ್ರದಲ್ಲಿ ಒಂದು ಹಿಡಿ ಹರಳು ಕಟ್ಟಿಕೊಂಡು ಧಾರವಾಡಕ್ಕೆ ಹೋದೆ. ಹಂಚಿನಮನಿ ಸಾಹೇಬರು ಆಗ ಅಲ್ಲಿದ್ದರು. ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಅವರು ಏನೂ ಕೇಳದೆ ಡ್ರಾವರಿನಿಂದ ಸೀಸೆ ತೆಗೆದು ಹನಿ ಬಿಟ್ಟರು. ನೊರೆ ಎದ್ದು ಅವರ ಬೆರಳಿಗೆ ಹತ್ತಿತು.

"ಎಲ್ಲೀದಿದು?"

"ಪಾಳಾ ಆಚೆ ಗೌಳ್ಯಾರ ಗುಡ್ಡದ್ದರಿ."

ಎಲ್ಲ ಹೇಳಿದೆ. ಝರಿ, ಸೀಸೆ, ಬಾಯಲ್ಲಿದ್ದ ಎಲೆ ಅಡಿಕೆ, ಯಾವುದನ್ನೂ ಬಿಡಲಿಲ್ಲ. ಅವರು ಮಫ್ಲರ್ ತೆಗೆದು ಮಡಚಿ ಮೇಜಿನ ಮೇಲಿಟ್ಟರು, ಮತ್ತೆ ಎತ್ತಿ ಹಾಕಿಕೊಂಡರು.

"ಆವತ್ತ ಹೇಳಿದ್ರ ನಾ ಏನ ಮಾಡ್ತಿದ್ನೋ? ಬೈತಿದ್ದೆ. ಅಷ್ಟ. ಮುಂಡಗೋಡದಿಂದ ಇನ್ನೊಂದ ಸೀಸೆ ತರಸ್ತಿದ್ದೆ."

ನನಗೆ ಆ ಮಾತಿನಿಂದ ಹೊಡೆತಕ್ಕಿಂತ ಹೆಚ್ಚು ನೋವಾಯಿತು. ಅವರು ಬೈಯಲೂ ಇಲ್ಲ. ಹರಳು ಕಣ್ಣಿಗೆ ಕಂಡರೂ ನಂಬಲಿಲ್ಲವಲ್ಲ, ತಮ್ಮದೂ ತಪ್ಪು ಎಂದು ಹೇಳಿ, ಹಾಳೆ ತಿದ್ದಬೇಕೆಂದು ಮೇಲಿನವರಿಗೆ ಬರೆದರು. ಒಂದು ವರ್ಷದ ಮೇಲೆ ಆ ಇಳಿಜಾರು ಪಟ್ಟಿಯಿಂದ ಹೊರಗೆ ಬಂತು, ತಂತಿ ಬೇಲಿಯನ್ನೂ ತೆಗೆದರು. ಆದರೆ ಹುಲ್ಲು ಕಾಗದ ನೋಡಿ ಬರುವುದಿಲ್ಲ.

ಅಷ್ಟರಲ್ಲಿ ವಿಠೂಮಾಮಾನ ಎಮ್ಮೆಗಳು ಮೇವಿಲ್ಲದೆ ಒಂದೊಂದಾಗಿ ಕೈಬಿಟ್ಟು ಹೋಗಿದ್ದವು. ಅವನು ಅಂಬಿಕಾನಗರಕ್ಕೆ ಹೋಗಿ ಅಲ್ಲಿನ ವಿದ್ಯುತ್ ಕೇಂದ್ರದ ಕ್ವಾರ್ಟರ್ಸುಗಳ ತೋಟಕ್ಕೆ ನೀರು ಹಾಕುವ ಕೆಲಸಕ್ಕೆ ನಿಂತ. ಸಂತೆಯಲ್ಲಿ ಗಡಿಗೆ ಬೋರಲು ಹಿಡಿಯುತ್ತಿದ್ದ ಕೈ ರಬ್ಬರ್ ಪೈಪು ಹಿಡಿಯಿತು. ನಾನು ಅಲ್ಲಿಗೆ ಎರಡು ಸಲ ಹೋದೆ, ಎರಡು ಸಲವೂ ಹೇಳದೆ ಬಂದೆ. ಅವನು ತೀರಿಕೊಂಡಾಗ ಹೆಗಲು ಕೊಟ್ಟೆ. ಆಗಲೂ ಹೇಳಲಿಲ್ಲ, ಯಾರಿಗೆ ಹೇಳುವುದು.

ನನ್ನ ಕೆಲಸ ಹೋಗಲಿಲ್ಲ, ಮುಂದೆ ಕಾಯಂ ಆಯಿತು. ಅದರ ಬಗ್ಗೆ ಬರೆಯಲು ಮನಸ್ಸಿಲ್ಲ. ಒಂದು ರೂಢಿ ಮಾತ್ರ ಬರೆಯುತ್ತೇನೆ. ಧಾರವಾಡದಿಂದ ಬಂದ ಮೇಲೆ ಆ ಗುಡ್ಡದ ಒಂದು ಹರಳು ಯಾವಾಗಲೂ ನನ್ನ ಕಿಸೆಯಲ್ಲಿರುತ್ತಿತ್ತು. ದಿನಾ ಮುಂಜಾನೆ ಹೊರಡುವ ಮೊದಲು ಸೀಸೆಯ ಮೊದಲ ಹನಿ ಆ ಹರಳಿಗೆ. ನೊರೆ ಬಂದರೆ ಮಾತ್ರ ಪೆಟ್ಟಿಗೆ ಎತ್ತುತ್ತಿದ್ದೆ. ಎಷ್ಟು ಸಾಹೇಬರು ಬದಲಾದರು, ಎಲ್ಲರೂ ನಕ್ಕರು, "ಪೂಜಾ ಆತೇನೋ ಬಸ್ತ್ಯಾಂವ" ಎಂದರು. ಹರಳು ಸವೆದು ಸವೆದು ಕಡಲೆಯಷ್ಟಾಗಿದೆ. ಈಗ ನಿಮ್ಮ ಫೋನು ನಿಂತ ಜಾಗ ತಾನೇ ಹೇಳುತ್ತದೆ, ಮಣ್ಣು ಯಂತ್ರದಲ್ಲಿ ಪರೀಕ್ಷೆಯಾಗುತ್ತದೆ. ಆದರೂ ಸೀಸೆ ಇನ್ನೂ ಇದೆ ಎಂದು ಲೂಸಿ ಹೇಳಿದಳು. ಹರಳನ್ನು ಅವಳಿಗೆ ಕೊಡುತ್ತೇನೆ. ನಿಮ್ಮ ಕೈ ತಪ್ಪಿ ಏನಾದರೂ ಚೆಲ್ಲಿದರೆ ಚೆಲ್ಲಿತು ಎಂದು ಹೇಳಿ. ಬೈಗುಳ ಒಂದು ಹೊತ್ತಿನದು.

ಇಲ್ಲಿಂದ ಮುಂದಿನದನ್ನು ಮರುದಿನ ಬರೆಯುತ್ತಿದ್ದೇನೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಭಾಗೂಬಾಯಿ ಬಂದಳು, ಕೈಯಲ್ಲಿ ಮೊಸರಿನ ಸ್ಟೀಲ್ ಡಬ್ಬಿ. ಅವಳಿಗೆ ಈಗ ಒಂದೇ ಎಮ್ಮೆ.

"ಏ ಲೂಸಿ, ಇನ್ನ ಮಣ್ಣ ಕಲಸಾಕ ನಿನಗ ಪಗಾರ ಕೊಡ್ತಾರಂತಲ್ಲ. ಸಣ್ಣಾಕಿದ್ದಾಗ ಪುಕ್ಕಟೆ ಕಲಸತಿದ್ದಿ."

"ಆವಾಗಿಂದೂ ಬಾಕಿ ಕೇಳತೇನಿ ತಡಿ ಅತ್ತಿ" ಎಂದಳು ಲೂಸಿ. ಎಲ್ಲರೂ ನಕ್ಕರು.

ಮುತ್ತುಗದ ಎಲೆ ಹಾಕಿ ಸಾಲಾಗಿ ಕುಳಿತೆವು. ಅಕ್ಕಿ ರೊಟ್ಟಿ, ಕೋಳಿ ಸಾರು, ಕೆಂಪಿರುವೆ ಚಟ್ನಿ, ಅನ್ನ, ಬೆಲ್ಲದ ಪಾಯಸ. ಸೊಸೆ ಮಾರ್ಥಾ ಬಡಿಸಲು ಬಗ್ಗಿದಾಗ ನಾನು ಕೈ ಅಡ್ಡ ಹಿಡಿದೆ.

"ಭಾಗೂ, ಉಣ್ಣೂಕಿಂತ ಮೊದಲ ನಿನಗೊಂದ ಮಾತ ಹೇಳೂದೈತಿ."

ರೆಜಿನಾಗೆ ಗೊತ್ತಾಯಿತು. "ಇವತ್ತ ಯಾಕ್ರಿ" ಎಂದಳು ಮೆಲ್ಲಗೆ. ಇವತ್ತೇ ಎಂದೆ. ಸಾಹೇಬರಿಗೆ ಹೇಳಿದ ಹಾಗೆಯೇ ಹೇಳಿದೆ. ಇನಾಸ ತಾನು ಆಗ ಹೊಟ್ಟೆಯಲ್ಲಿದ್ದ ಮಾತು ಬಂದಾಗ ತಲೆ ತಗ್ಗಿಸಿದ. ಲೂಸಿ ನಾನು ಕೊಟ್ಟ ಹರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಭಾಗೂಬಾಯಿ ತನ್ನ ಎಲೆಯ ಮಡಿಕೆಯನ್ನು ಬೆರಳಿನಿಂದ ತೀಡಿದಳು.

"ನಮ್ಮಪ್ಪ ಏನ ತಿಳಕೊಂಡಿದ್ದ ಗೊತ್ತೇನ ಕಾಕಾ? ನಮ್ಮ ಎಮ್ಮಿ ಎಲ್ಲೋ ದೇವರ ಜಾಗಾ ತುಳದಾವ, ಅದಕ್ಕ ಗುಡ್ಡ ಮುನದೈತಿ ಅಂತ. ಅಂಬಿಕಾನಗರದಿಂದ ಪ್ರತಿ ವರ್ಷ ಬಂದು ಗುಡ್ಡಕ್ಕ ಕಾಯಿ ಒಡೀತಿದ್ದ. ಸಾಯೂ ಮುಂದೂ ತಪ್ಪು ನಂದು ಅಂತನ ಅಂದ." ಎಲೆಯಿಂದ ಕೈ ತೆಗೆದು, "ಅವಂಗ ಹೇಳಬೇಕಿತ್ತು ನೀ" ಎಂದಳು.

ನನಗೆ ಇದು ಗೊತ್ತಿರಲಿಲ್ಲ.

ಅವಳು ಎದ್ದಳು. ಹೊರಟಳು ಎಂದೇ ನಾವೆಲ್ಲ ತಿಳಿದೆವು. ಅವಳು ಮೂಲೆಯಲ್ಲಿಟ್ಟಿದ್ದ ಡಬ್ಬಿ ತೆಗೆದುಕೊಂಡು ಬಂದಳು. ಮಾರ್ಥಾಗೆ ಅನ್ನ ಬಡಿಸಲು ಕಣ್ಣಿನಲ್ಲೇ ಹೇಳಿ, ಹಿಂದೆಯೇ ತಾನು ಮೊಸರು ಹಾಕುತ್ತ ಹೋದಳು. ಲೂಸಿಗೆ ಮೊದಲು, ಆಮೇಲೆ ರೆಜಿನಾಗೆ, ಇನಾಸನಿಗೆ. ನನ್ನ ಎಲೆಯ ಮುಂದೆ ಸೌಟು ನಿಂತಿತು.

"ಅಂಗಡಿ ಹಿಂಡಿ ತಿಂದ ಎಮ್ಮಿದು" ಎಂದಳು. "ಆ ಗುಡ್ಡದ್ದಲ್ಲ. ತೆಳ್ಳಗೈತಿ. ಉಣ್ಣು."

ಹಾಕಿದಳು. ಮೊಸರು ಎಲೆಯ ಅಂಚಿನ ಕಡೆ ಹರಿಯಿತು. ನೆಲಕ್ಕೆ ಹೋಗದ ಹಾಗೆ ಅನ್ನದ ಕಟ್ಟೆ ಕಟ್ಟಿ ತಡೆದೆ. ಅವಳು ಬಂದು ತನ್ನ ಎಲೆಯ ಮುಂದೆ ಕುಳಿತು ಮೊದಲ ತುತ್ತು ಎತ್ತಿದಳು. ಆಮೇಲೆ ನಾವೆಲ್ಲರೂ ಉಂಡೆವು.